ಕೊಂಡಿಯ ಬಳಿಯ ಕೊನೆಯ ಇಂಚು

ಮಗಳೇ, ಬಣ್ಣಕ್ಕೆ ಬಣ್ಣ ಹೊಂದಿಸುವುದು ನಿನಗೆ ಒಲಿದಿದೆ. ಹವಳದ ಪಕ್ಕ ಹಸಿರು ಮಣಿ ಎಷ್ಟು ಬರಬೇಕು, ಚಿನ್ನದ ಗುಂಡು ಎಲ್ಲಿ ಇಣುಕಬೇಕು ಅನ್ನುವುದನ್ನು ಯಾರೂ ನಿನಗೆ ಹೇಳಿಕೊಡಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಕತ್ತಿನ ಹಿಂದೆ, ಕೊಂಡಿಯ ಹತ್ತಿರ ಇರುವ ಕೊನೆಯ ಒಂದು ಇಂಚಿನ ಮಾತು. ಕೊಳ್ಳಲು ಬಂದವರು ಪದಕ ನೋಡಿ ಆಸೆಪಡುತ್ತಾರೆ, ಕೈಗೆತ್ತಿಕೊಂಡ ಮೇಲೆ ಸರವನ್ನು ತಿರುಗಿಸಿ ಹಿಂದೆ ನೋಡುತ್ತಾರೆ. ಅಲ್ಲಿ ದಾರದ ತುದಿ ಕೆದರಿದ್ದರೆ, ಅಂಟು ಹೆಪ್ಪುಗಟ್ಟಿ ಮಿನುಗುತ್ತಿದ್ದರೆ, ಉಂಗುರದ ಬಾಯಿ ಕೂದಲೆಳೆಯಷ್ಟು ತೆರೆದಿದ್ದರೆ, ಮುಂದಿನ ಅಂದಕ್ಕೆ ಬೆಲೆ ಉಳಿಯುವುದಿಲ್ಲ. ಪಳಗಿದ ಕೈಯ ಕೆಲಸ ಅನ್ನಿಸುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಅದಕ್ಕೇ ನಿನ್ನನ್ನು ಕೂರಿಸಿಕೊಂಡು ಇಷ್ಟು ಹೇಳುತ್ತಿದ್ದೇನೆ.

ಮೊದಲು ಮಣಿ. ಚಿಕ್ಕಪೇಟೆ, ಮಾಮೂಲುಪೇಟೆ ಗಲ್ಲಿಗಳಿಂದ ತಂದ ಎಳೆಗಳನ್ನು ಹಾಗೆಯೇ ಬಿಚ್ಚಿ ಪೋಣಿಸಲು ಕೂರಬೇಡ. ದಪ್ಪ ಟವೆಲೊಂದನ್ನು ಮಡಿಸಿ ಹಾಸಿಕೋ, ಮಣಿ ಉರುಳುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ತೂತು ನೋಡು. ಅಗ್ಗದ ಗಾಜಿನ ಮಣಿಗೂ ಪಟ್ಟೆ ಕೊಯ್ದ ಹರಳಿಗೂ ತೂತಿನ ಅಂಚು ಬ್ಲೇಡಿನಷ್ಟೇ ಚೂಪಾಗಿರುತ್ತದೆ. ಅಕೀಕಿನಂಥ ಕಲ್ಲುಮಣಿಗಳನ್ನು ಎರಡೂ ತುದಿಯಿಂದ ಕೊರೆಯುವುದು ರೂಢಿ. ಎರಡು ಕೊರೆತಗಳು ನಡುವೆ ಸರಿಯಾಗಿ ಸೇರದಿದ್ದರೆ ಒಳಗೊಂದು ಮೆಟ್ಟಿಲು ಉಳಿಯುತ್ತದೆ, ದಾರ ದಿನವೂ ಅದರ ಮೇಲೆ ಉಜ್ಜುತ್ತದೆ. ವಜ್ರದ ಪುಡಿ ಅಂಟಿಸಿದ, ಸೂಜಿಯಂಥ ಸಣ್ಣ ಅರ ಸಿಗುತ್ತದೆ. ಮಣಿಯನ್ನು ನೀರಿನಲ್ಲಿ ಅದ್ದಿ ಹಿಡಿದು ಆ ಅರದಿಂದ ನಿಧಾನವಾಗಿ ತಿರುಗಿಸು. ಒಣಗಿದ್ದಾಗ ಉಜ್ಜಿದರೆ ಬಿಸಿಯೇರಿ ಮಣಿ ಸೀಳುತ್ತದೆ, ಪುಡಿ ಮೂಗಿಗೆ ಹೋಗುತ್ತದೆ. ಅಂಚು ಮುರಿದ ಮಣಿಯನ್ನು ಬೇರೆ ಡಬ್ಬಿಗೆ ಹಾಕಿಬಿಡು. ನೂರರಲ್ಲಿ ಒಂದು ತಾನೇ ಅಂದುಕೊಂಡು ಸೇರಿಸಿದರೆ, ಸರ ಹರಿಯುವುದು ಆ ಒಂದರಲ್ಲೇ.

ಬಣ್ಣ ಹಾಕಿದ ಕಲ್ಲು ತುಂಬ ಬರುತ್ತದೆ. ಬಿಳಿಯ ಹೌಲೈಟ್ ಕಲ್ಲಿಗೆ ನೀಲಿ ಹಾಕಿ ಫಿರೋಜಾ ಅನ್ನುತ್ತಾರೆ, ಬಿದಿರು ಹವಳಕ್ಕೆ ಕೆಂಪು ಹಾಕಿ ಅಸಲಿ ಹವಳ ಅನ್ನುತ್ತಾರೆ. ಉಗುರು ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ತಾಗಿಸಿ ಇಂಥ ಮಣಿಯ ಮರೆಯ ಜಾಗದಲ್ಲಿ ಒರೆಸಿ ನೋಡು. ಬಣ್ಣ ಹತ್ತಿಗೆ ಇಳಿದರೆ ನಾಳೆ ಬೆವರಿಗೂ ಸೀರೆಗೂ ಇಳಿಯುತ್ತದೆ. ಮುತ್ತಿಗೆ ಮಾತ್ರ ಆ ದ್ರಾವಣ ಸೋಕಿಸಬೇಡ. ಪರೀಕ್ಷೆಯಲ್ಲಿ ಬಣ್ಣ ಬಿಡದ ಮಣಿಯನ್ನೂ ಅದು ಏನೋ ಅದೇ ಹೆಸರಿನಲ್ಲಿ ಮಾರು. ಗಾಜನ್ನು ಗಾಜು ಅಂದರೆ ಗಿರಾಕಿ ಬೇಸರಪಡುವುದಿಲ್ಲ. ಗಾಜನ್ನು ಪಚ್ಚೆ ಅಂದವರ ಬಳಿಗೆ ಎರಡನೇ ಸಲ ಯಾರೂ ಬರುವುದಿಲ್ಲ.

ಇನ್ನು ದಾರ. ಯಾವ ದಾರ ಅಂತ ನೀನು ಕೇಳಿದರೆ, ಆ ಸರ ಯಾರ ಕೊರಳಿಗೆ, ದಿನದಲ್ಲಿ ಎಷ್ಟು ಹೊತ್ತು ಅಂತ ನಾನು ಕೇಳುತ್ತೇನೆ. ಮದುವೆಗೆ ಒಂದು ದಿನ ಹಾಕಿ ಪೆಟ್ಟಿಗೆಗೆ ಸೇರುವ ಸರ ಬೇರೆ, ಕರಿಮಣಿ ಬೇರೆ. ಕರಿಮಣಿ ಮೈಮೇಲೆ ಇದ್ದಂತೆಯೇ ಹೆಣ್ಣು ಮೀಯುತ್ತಾಳೆ, ಒಲೆಯ ಮುಂದೆ ನಿಲ್ಲುತ್ತಾಳೆ, ಮಗುವನ್ನು ಎತ್ತಿಕೊಳ್ಳುತ್ತಾಳೆ, ಮಲಗುತ್ತಾಳೆ. ಸೋಪು, ಎಣ್ಣೆ, ಅರಿಸಿನ, ಬೆವರು ಎಲ್ಲವನ್ನೂ ರೇಷ್ಮೆ ದಾರ ಕುಡಿಯುತ್ತದೆ, ಒಳಗೊಳಗೇ ಕೊಳೆಯುತ್ತದೆ. ದಿನವಿಡೀ ಇರುವ ಕರಿಮಣಿಗೆ ಹೆಣೆದ ನೈಲಾನ್ ದಾರವೋ, ಮುಂದೆ ಹೇಳುವ ಗೇರ್ ವೈರೋ ಇರಲಿ. ಆರು ತಿಂಗಳಿಗೊಮ್ಮೆ ತಂದು ತೋರಿಸಿ ಅಂತ ನೀನೇ ಹೇಳಿ ಕಳಿಸು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲ ಹೆಂಗಸರನ್ನು ನೆನಪಿಸಿಕೋ. ಅವರಲ್ಲೊಬ್ಬರಾದ ಅಂಕೋಲೆಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗಲೂ ಬರಿಗಾಲಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡೇ ನಡೆದು ಬಂದರು. ಗಿಡ ನೆಡುತ್ತಿದ್ದ, ಮಣ್ಣು ಮುಟ್ಟುತ್ತಿದ್ದ ಮೈಯ ಮೇಲಿನ ಮಣಿಸರ ಅದು. ದುಡಿಯುವವರ ಕೊರಳಿಗೆ ಪೋಣಿಸುವಾಗ ಅಂದದ ಜೊತೆಗೆ ಆ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ಎಳೆಯಲ್ಲಿ ಪೋಣಿಸುವುದನ್ನು ಇವತ್ತಿನಿಂದಲೇ ಬಿಡು. ಅಗ್ಗ, ಸೂಜಿ ಬೇಡ, ಎಲ್ಲ ನಿಜ. ಆದರೆ ಅದು ಸುತ್ತಿಟ್ಟ ಆಕಾರವನ್ನು ಮರೆಯುವುದಿಲ್ಲ, ಎಳೆದರೆ ಹಿಗ್ಗುತ್ತದೆ, ಕಾಲ ಕಳೆದಂತೆ ಹಳದಿಯಾಗಿ ಪಟ್ಟನೆ ತುಂಡಾಗುತ್ತದೆ.

ಮುತ್ತಿಗೆ ಮಾತ್ರ ರೇಷ್ಮೆಯೇ ಸರಿ ಅನ್ನುವವಳು ನಾನು. ಹೈದರಾಬಾದಿನ ಪತ್ಥರ್‌ಗಟ್ಟಿಯಿಂದ ತಂದ ಮುತ್ತಾಗಲಿ, ಅಜ್ಜಿಯ ಪೆಟ್ಟಿಗೆಯ ಮುತ್ತಾಗಲಿ, ತಂತಿಯಲ್ಲಿ ಪೋಣಿಸಿದರೆ ಸೆಟೆದು ನಿಲ್ಲುತ್ತದೆ. ರೇಷ್ಮೆಯಲ್ಲಾದರೆ ಕೊರಳ ಏರಿಳಿತಕ್ಕೆ ತಕ್ಕಂತೆ ಕೂರುತ್ತದೆ. ಪ್ರತಿ ಎರಡು ಮುತ್ತಿನ ನಡುವೆ ಒಂದು ಗಂಟು ಹಾಕು. ಮುತ್ತು ಮೆತ್ತನೆಯದು, ಒಂದಕ್ಕೊಂದು ತಿಕ್ಕಿದರೆ ತೂತಿನ ಸುತ್ತ ಪದರ ಸವೆಯುತ್ತದೆ. ಗಂಟು ಇದ್ದರೆ ತಿಕ್ಕುವುದಿಲ್ಲ. ದಾರ ಹರಿದರೂ ಕಳೆಯುವುದು ಒಂದು ಮುತ್ತು, ಇಡೀ ಸರ ನೆಲದ ಮೇಲೆ ಚೆಲ್ಲುವುದಿಲ್ಲ.

ದಾರದ ದಪ್ಪವನ್ನು ಅಂಗಡಿಯವರ ನಂಬರಿನಿಂದಲೇ ತೀರ್ಮಾನಿಸಬೇಡ. ಜೋಡಿ ಎಳೆ ತೂತಿನಲ್ಲಿ ಸ್ವಲ್ಪ ಬಿಗಿಯಾಗಿ ಹಾಯಬೇಕು, ಹಾಕಿದ ಗಂಟು ತೂತಿನೊಳಗೆ ನುಸುಳಬಾರದು; ಈ ಎರಡನ್ನೂ ಒಂದು ಮುತ್ತಿನಲ್ಲಿ ಮೊದಲೇ ನೋಡಿಕೋ. ಜೋಡಿ ಮಾಡಿದ ಮೇಲೆ ದಾರ ಸರದ ಎರಡೂವರೆ ಪಟ್ಟು ಉದ್ದವಿರಲಿ, ನಡುವೆ ದಾರ ಸಾಲದೆ ಬಂದರೆ ಇಡೀ ಸರ ಬಿಚ್ಚಬೇಕಾಗುತ್ತದೆ. ರೇಷ್ಮೆ ಹಿಗ್ಗುತ್ತದೆ, ಹಿಂದಿನ ರಾತ್ರಿಯೇ ಸಣ್ಣ ಭಾರ ಕಟ್ಟಿ ಇಳಿಬಿಡು. ಗಂಟನ್ನು ಸಡಿಲವಾಗಿ ಹಾಕಿ, ಅದರೊಳಗೆ ದಬ್ಬಣ ತೂರಿಸಿ, ಮುತ್ತಿನ ಬುಡಕ್ಕೆ ತಾಗುವವರೆಗೆ ಸರಿಸಿ ತಂದು, ಕೊನೆಗೆ ದಬ್ಬಣ ಎಳೆದು ಉಗುರಿನಿಂದ ಒತ್ತು. ಒತ್ತಡ ಎಲ್ಲ ಗಂಟಿಗೂ ಒಂದೇ ಸಮ ಇರಬೇಕು. ಅದು ಹೇಳಿದರೆ ಬರುವುದಲ್ಲ, ಹಳೆಯ ಗಾಜಿನ ಮಣಿಗಳಲ್ಲಿ ಎಳೆಗಟ್ಟಲೆ ಗಂಟು ಹಾಕಿ ಬಿಚ್ಚಿ ಕೈ ಪಳಗಿಸಿಕೋ. ಉದ್ದದ ಲೆಕ್ಕವನ್ನೂ ಮರೆಯಬೇಡ. 6 ಮಿ.ಮೀ. ಮುತ್ತಿನ 16 ಇಂಚಿನ ಎಳೆಯಲ್ಲಿ ಸುಮಾರು 67 ಮುತ್ತು ಇರುತ್ತವೆ, ಗಂಟೊಂದು ಹೆಚ್ಚುಕಡಿಮೆ 1 ಮಿ.ಮೀ. ತಿಂದರೆ ಸರ ಎರಡು ಎರಡೂವರೆ ಇಂಚು ಬೆಳೆಯುತ್ತದೆ. ಗಿರಾಕಿ ಕೇಳಿದ ಅಳತೆಗೆ ಮುತ್ತು ಎಣಿಸುವಾಗ ಇದು ತಲೆಯಲ್ಲಿರಲಿ.

ಕೊಂಡಿಯ ಹತ್ತಿರ ರೇಷ್ಮೆ ಬರಿದಾಗಿ ಲೋಹಕ್ಕೆ ತಾಗಿದರೆ ಅಲ್ಲೇ ಮೊದಲು ಸವೆಯುತ್ತದೆ. ಫ್ರೆಂಚ್ ವೈರ್ ಅಂತ ಸಿಗುತ್ತದೆ, ಜರ್ದೋಸಿ ಕೆಲಸದವರು ಹೊಲಿಯುವಂಥದೇ ಟೊಳ್ಳು ಸುರುಳಿ. ಅದರ ಒಂದು ಸಣ್ಣ ತುಂಡನ್ನು ದಾರದ ಮೇಲೆ ತೊಡಿಸಿ ಕೊಂಡಿಯ ಕಣ್ಣಿನಲ್ಲಿ ಹಾಯಿಸಿದರೆ ಪುಟ್ಟ ಲೋಹದ ಕುಣಿಕೆ ಕಾಣುತ್ತದೆ, ದಾರ ಕಾಣುವುದಿಲ್ಲ. ದುಬಾರಿ ಸರಗಳ ಹಿಂಬದಿಯ ಗುಟ್ಟು ಬಹುಪಾಲು ಇಷ್ಟೇ. ದಾರದ ತುದಿಯನ್ನು ಮತ್ತೆ ಎರಡು ಮೂರು ಮುತ್ತುಗಳೊಳಗೆ ಹಾಯಿಸಿ, ಅವುಗಳ ನಡುವೆಯೂ ಗಂಟು ಹಾಕಿ, ಆಮೇಲೆ ಕತ್ತರಿಸು. ಕ್ಷಣದಲ್ಲಿ ಅಂಟುವ ಗೋಂದನ್ನು ಅಲ್ಲಿಗೆ ಸುರಿಯಬೇಡ: ರೇಷ್ಮೆ ಗಡುಸಾಗಿ ಆ ಜಾಗದಲ್ಲೇ ಮುರಿಯುತ್ತದೆ, ಅದರ ಹಬೆಗೆ ಸುತ್ತಲೂ ಬಿಳಿ ಪೊರೆ ಕೂರುತ್ತದೆ. ಒಡವೆಗೆಂದೇ ಇರುವ, ಒಣಗಿದ ಮೇಲೂ ಬಳುಕುವ ಅಂಟನ್ನು ಸೂಜಿಯ ಮೊನೆಯಿಂದ ಗಂಟಿಗೆ ತಾಗಿಸಿದರೆ ಸಾಕು.

ಭಾರದ ಕಲ್ಲುಮಣಿಗೆ, ಹರಳಿಗೆ ಗೇರ್ ವೈರ್ ಒಳ್ಳೆಯದು. ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮೇಲೆ ನೈಲಾನ್ ಹೊದಿಸಿದ ತಂತಿ ಅದು. ಒಳಗೆ 7 ಎಳೆ ಇರುವುದು ಬಿರುಸು, 19 ಎಳೆಯದು ಮೆದು, 49 ಎಳೆಯದು ಇನ್ನೂ ಮೆದು, ಬೆಲೆಯೂ ಹಾಗೆಯೇ ಏರುತ್ತದೆ. ಮಾರುವ ಸರಕ್ಕೆ 7 ಎಳೆಯದನ್ನು ಬಳಸಬೇಡ. ಒಮ್ಮೆ ಮಡಿಕೆ ಬಿದ್ದರೆ ಆ ಮಡಿಕೆ ಹೋಗುವುದೇ ಇಲ್ಲ. ತಂತಿಯ ತುದಿಯನ್ನು ಬಿಗಿಯುವ ಪುಟ್ಟ ಲೋಹದ ಗುಂಡು, ಅಂದರೆ ಗೇರ್ ಲಾಕನ್ನು ಸಾದಾ ಇಕ್ಕಳದಿಂದ ಚಪ್ಪಟೆ ಮಾಡಿ ಬಿಡುವುದೇ ಹೆಚ್ಚಿನವರ ಅಭ್ಯಾಸ. ಅಂಚು ಚೂಪಾಗಿ ಕತ್ತನ್ನು ಗೀರುತ್ತದೆ. ಎರಡು ಗುಣಿ ಇರುವ ಇಕ್ಕಳ ಕೊಂಡುಕೋ. ತಂತಿಯ ಎರಡು ಎಳೆ ಒಂದರ ಮೇಲೊಂದು ಹತ್ತದಂತೆ ಅಕ್ಕಪಕ್ಕ ಇಟ್ಟು, ಮೊದಲು ಒಳಗಿನ ಗುಣಿಯಲ್ಲಿ ಒತ್ತಿದರೆ ಲಾಕಿನ ನಡುವೆ ಕಣಿವೆ ಬಿದ್ದು ಎಳೆಗಳು ಬೇರೆಯಾಗುತ್ತವೆ. ಆಮೇಲೆ ಕಾಲು ಸುತ್ತು ತಿರುಗಿಸಿ ಹೊರಗಿನ ದುಂಡು ಗುಣಿಯಲ್ಲಿ ಒತ್ತಿದರೆ ಮಡಿಸಿಕೊಂಡು ಗುಂಡಗಾಗುತ್ತದೆ. ಮೇಲೊಂದು ಲಾಕ್ ಕವರ್ ಮುಚ್ಚಿದರೆ ಅದೂ ಒಂದು ಮಣಿಯಂತೆಯೇ ಕಾಣುತ್ತದೆ. ಉಳಿದ ತುದಿಯನ್ನು ಒಂದಿಂಚಿನಷ್ಟು ಮಣಿಗಳೊಳಗೆ ಹಿಂದಕ್ಕೆ ಹಾಯಿಸದೆ ಕತ್ತರಿಸಬೇಡ.

ಲಾಕ್ ಒತ್ತುವ ಮೊದಲು ಒಂದು ಮಾತು. ಸರವನ್ನು ಚಾಪೆಯ ಮೇಲೆ ನೇರ ಮಲಗಿಸಿ ಬಿಗಿ ನೋಡಬೇಡ. ಕೊರಳಲ್ಲಿರುವ ಹಾಗೆ ಗುಂಡಗೆ ಬಗ್ಗಿಸಿ ನೋಡು. ನೇರವಾಗಿದ್ದಾಗ ಸಂದಿಲ್ಲದೆ ಕೂತ ಮಣಿಗಳು ಬಗ್ಗಿಸಿದಾಗ ಒಂದನ್ನೊಂದು ನೂಕುತ್ತವೆ, ಸರ ಬಿದಿರ ಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತದೆ. ಒಂದೆರಡು ಮಿ.ಮೀ. ಸಡಿಲ ಬೇಕು. ಅದಕ್ಕಿಂತ ಹೆಚ್ಚಾದರೆ ತಂತಿ ಕಾಣುತ್ತದೆ.

ಕೊಂಡಿಯನ್ನು ಸರಕ್ಕೆ ಸೇರಿಸುವ ಉಂಗುರದ, ಅಂದರೆ ಜಂಪ್ ರಿಂಗಿನ ಬಾಯನ್ನು ಅಗಲಿಸಿ ತೆರೆಯಬೇಡ, ಎರಡು ಇಕ್ಕಳ ಹಿಡಿದು ಒಂದು ತುದಿಯನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ತಿರುಚು, ಹಾಗೆಯೇ ಮುಚ್ಚು. ಮುಚ್ಚಿದ ಮೇಲೆ ಸಣ್ಣ ದಾರವೊಂದನ್ನು ಆ ಸಂದಿಯ ಮೇಲೆ ಎಳೆದು ನೋಡು, ಸಿಕ್ಕಿಕೊಂಡರೆ ಇನ್ನೂ ಸರಿಯಾಗಿಲ್ಲ. ಕೊಂಡಿಯ ಗಾತ್ರ ಸರದ ಭಾರಕ್ಕೆ ತಕ್ಕುದಿರಲಿ. ವಯಸ್ಸಾದವರ ಬೆರಳಿಗೆ ಸಣ್ಣ ತಿರುಪು ಕೊಂಡಿ ದಕ್ಕುವುದಿಲ್ಲ, ಅವರಿಗೆ ಎಸ್ ಕೊಕ್ಕೆಯೋ ದೊಡ್ಡ ಲಾಬ್‌ಸ್ಟರ್ ಕೊಂಡಿಯೋ ಹಾಕಿಕೊಡು. ಹಿಂದೆ ಎರಡಿಂಚಿನ ಸರಪಳಿ ಬಿಟ್ಟರೆ ರವಿಕೆಯ ಕೊರಳಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.

ಮುಗಿಸಿದ ಸರವನ್ನು ಆ ಕ್ಷಣವೇ ಮಾರಬೇಡ. ಒಂದು ರಾತ್ರಿ ಇಳಿಬಿಡು, ಬೆಳಿಗ್ಗೆ ಹಿಡಿದು ಎಳೆ, ಒಂದು ದಿನ ನೀನೇ ಹಾಕಿಕೊಂಡು ಮನೆಗೆಲಸ ಮಾಡು. ಹಿಂದೆ ಕೂದಲು ಸಿಕ್ಕಿಕೊಂಡರೆ, ಪದಕ ಹಿಂದುಮುಂದಾದರೆ, ಗೊತ್ತಾಗುವುದು ಹಾಗೆಯೇ. ಮುತ್ತಿನ ಸರ ಕೊಡುವಾಗ ಬಾಯಿಬಿಟ್ಟು ಹೇಳು: ಅತ್ತರು ಪೌಡರು ಆದ ಮೇಲೆ ಹಾಕಿಕೊಳ್ಳಬೇಕು, ತೆಗೆದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮಲಗಿಸಿಡಬೇಕು, ಮೊಳೆಗೆ ತೂಗುಹಾಕಬಾರದು.

ಇನ್ನು ಮರುಪೋಣಿಕೆ. ಹೊಸ ಸರಕ್ಕಿಂತ ಅದೇ ನಿನ್ನ ಕೈಯ ಹೆಸರು ಬೆಳೆಸುತ್ತದೆ ಅಂತ ನನ್ನ ನಂಬಿಕೆ. ಹಳೆಯದನ್ನು ಬಿಚ್ಚುವ ಮೊದಲು ಮಣಿಗಳ ಸಾಲಿನ ಚಿತ್ರ ತೆಗೆದುಕೋ. ಕೊಡಗಿನ ಕರ್ತಮಣಿಗೆ ಇರುವ ಕ್ರಮ ಬೇರೆ, ಕರಾವಳಿಯ ಮನೆಗಳ ಕರಿಮಣಿಯ ಕ್ರಮ ಬೇರೆ. ಹವಳ ಎಲ್ಲಿ, ಗುಂಡು ಎಷ್ಟು ಅನ್ನುವುದು ಆ ಮನೆಯವರದು, ಅಂದಕ್ಕೆಂದು ನೀನು ಬದಲಿಸುವಂತಿಲ್ಲ. ಜಪಮಾಲೆ ಬಂದರೆ 108 ಮಣಿ ಎಣಿಸಿ, ಮೇರುಮಣಿಯನ್ನು ಬೇರೆ ಇಟ್ಟುಕೊಂಡೇ ಶುರುಮಾಡು. ಚಿನ್ನದ ಗುಂಡು, ತಾಳಿ ಏನೇ ಇರಲಿ, ತಂದವರ ಎದುರಿಗೇ ಎಣಿಸಿ ತೂಗಿ ಚೀಟಿಯಲ್ಲಿ ಬರೆದು ಒಂದು ಪ್ರತಿ ಅವರಿಗೆ ಕೊಡು. ಎಷ್ಟೇ ಹತ್ತಿರದವರಾದರೂ ಸರಿ, ಚೀಟಿ ಬೇಡ ಅಂದರೂ ಸರಿ.

ತಾಳಿಯ ಸರ ಬಿಚ್ಚಿಕೊಡಲು ಹೆಂಗಸರಿಗೆ ಮನಸ್ಸು ಅಳುಕುತ್ತದೆ. ಅವಸರಪಡಿಸಬೇಡ. ಅರಿಸಿನ ಹಚ್ಚಿದ ದಾರಕ್ಕೆ ಅರಿಸಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡ ಮೇಲೆ ತಾಳಿ ತೆಗೆಯುವುದು ಎಷ್ಟೋ ಮನೆಗಳ ಪದ್ಧತಿ; ಒಂದು ದಾರ, ಒಂದು ಕೊಂಬು ನಿನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ. ತಾಳಿಯ ಸರದ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಬೇಡ, ಆಕೆ ಎದುರಿಗೆ ಕೂತಿರುವಾಗಲೇ ಮುಗಿಸು. ಹಾಕಿಕೊಂಡ ಮೇಲೆ ಕನ್ನಡಿಯ ಮುಂದೆ ನಿಲ್ಲಿಸಿ ಉದ್ದ ನೋಡು. ಮೊದಲಿಗಿಂತ ಒಂದು ಬೆರಳು ಗಿಡ್ಡವಾಗಿದೆ ಅಂತ ಆಕೆಗೆ ಅನ್ನಿಸಿದರೆ, ನಿನ್ನ ಕಣ್ಣಿಗೆ ಸರಿಯಿದ್ದರೂ, ಅಲ್ಲೇ ಬಿಚ್ಚಿ ಇನ್ನೊಮ್ಮೆ ಪೋಣಿಸಿಕೊಡು.