ಹಳೆಯ ಸಣ್ಣ ಸಿ.ಎನ್.ಸಿ. ಮಶೀನು ಕೊಳ್ಳುವ ಮೊದಲು
(ಸ್ವ-ಉದ್ಯೋಗ ಪಾಠ)



ಭಟ್ಕಳ, ಹೊನ್ನಾವರ, ಕುಮಟಾ ಭಾಗದಲ್ಲಿ ಐ.ಟಿ.ಐ. ಕಲಿತವರು, ಗಲ್ಫಿನಲ್ಲಿ ದುಡಿದು ಮರಳಿದವರು ಹಲವರಿದ್ದಾರೆ. ಊರಲ್ಲೇ ಒಂದು ವರ್ಕ್‌ಶಾಪು ಹಾಕೋಣ ಎಂಬ ಆಸೆ ಅವರದು. ಹೊಸ ಮಶೀನಿನ ಬೆಲೆ ಕೈಗೆಟುಕುವುದಿಲ್ಲ, ಆದ್ದರಿಂದ ಕಣ್ಣು ಹಳೆಯದರ ಮೇಲೆ ಹೋಗುತ್ತದೆ. ಮನೆಯ ಬಂಗಾರ ಅಡವಿಟ್ಟು ತರುವ ಮಶೀನು ಮೂಲೆ ಸೇರಿದರೆ ಕಷ್ಟ ಇಡೀ ಮನೆಗೆ. ಆದ್ದರಿಂದ ಈ ಪಾಠವನ್ನು ಮನೆಯವರೆಲ್ಲ ಕೂತು ಓದೋಣ.

1. ಇದು ಯಾವ ಮಶೀನು?

ಸಾದಾ ಮಿಲ್ಲಿಂಗ್ ಮಶೀನಿನಲ್ಲಿ ನಾವು ಹ್ಯಾಂಡಲ್ ತಿರುಗಿಸಿ ಟೇಬಲ್ ಸರಿಸುತ್ತೇವೆ. ಸಿ.ಎನ್.ಸಿ.ಯಲ್ಲಿ ಕಂಪ್ಯೂಟರಿನ ಆಜ್ಞೆಯಂತೆ ಮೋಟಾರು ಸರಿಸುತ್ತದೆ. ಅಡಿಕೆ ಹಾಳೆ ತಟ್ಟೆಯ ಸಣ್ಣ ಅಚ್ಚು, ನಾಮಫಲಕ, ಪಂಪಿನ ಬಿಡಿಭಾಗ ಇಂಥವು ಇದರಲ್ಲಿ ಆಗುತ್ತವೆ. ಆದರೆ ಬೋಟಿನ ಉದ್ದ ಶಾಫ್ಟು ಸಣ್ಣ ಟೇಬಲ್ ಮೇಲೆ ಕೂರುವುದಿಲ್ಲ. ಗುಡಿಗಾರರಂತೆ ಮರದ ಕೆತ್ತನೆ ಮಾಡುವುದಾದ್ರೆ ಬೇಕಾದದ್ದು ವೇಗವಾಗಿ ತಿರುಗುವ ರೂಟರ್. ಅದು ಬೇರೆಯೇ ಮಶೀನು. ಮೊದಲು ಗಿರಾಕಿ ಯಾರು, ಕೆಲಸ ಯಾವುದು ಎಂದು ಬರೆದಿಡಿ. ಮಶೀನು ಆಮೇಲೆ.

2. ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ವಿಚಾರಿಸಬಹುದು. ಕಾಲೇಜುಗಳು ಹರಾಜು ಹಾಕುವ ತರಬೇತಿ ಮಶೀನುಗಳೂ ಇರುತ್ತವೆ. ಇವು ಕಲಿಯಲು ಒಳ್ಳೆಯವು, ಆದರೆ ಕಬ್ಬಿಣದ ಭಾರಿ ಕೆಲಸಕ್ಕೆ ಅಲ್ಲ. ಒಬ್ಬರೇ ಹೋಗಬೇಡಿ. ಅನುಭವ ಇರುವ ಮಿಲ್ಲರ್ ಒಬ್ಬರನ್ನು ಬಸ್ ಖರ್ಚು ಕೊಟ್ಟಾದರೂ ಕರೆದುಕೊಂಡು ಹೋಗಿ.

3. ನಿಂತು ನೋಡಬೇಕಾದ ಪರೀಕ್ಷೆಗಳು

ಅ) "ಕರೆಂಟು ಇಲ್ಲ, ಆದ್ರೆ ಚಾಲೂ ಇದೆ" ಎಂದರೆ ನಂಬಬೇಡಿ. ಅರ್ಧ ಗಂಟೆ ಓಡಿಸಿ. ಸ್ಪಿಂಡಲ್ ಕೂಗುತ್ತದೆಯೇ, ವಿಪರೀತ ಬಿಸಿಯಾಗುತ್ತದೆಯೇ ಎಂದು ನೋಡಿ.

ಆ) ಡಯಲ್ ಗೇಜನ್ನು ಟೇಬಲ್‌ಗೆ ತಾಗಿಸಿ. ಟೇಬಲನ್ನು ಒಂದೇ ದಿಕ್ಕಿನಲ್ಲಿ ಸರಿಸುತ್ತ ಬಂದು ಗೇಜನ್ನು ಸೊನ್ನೆಗೆ ತನ್ನಿ. ಈಗ 1 ಮಿ.ಮೀ. ಹಿಂದೆ ಸರಿಯಲು ಆಜ್ಞೆ ಕೊಡಿ. ಗೇಜು 0.92 ತೋರಿಸಿದರೆ 0.08 ಮಿ.ಮೀ. ಸಡಿಲು ಇದೆ ಎಂದರ್ಥ. ಇದನ್ನೇ ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಟೇಬಲಿನ ನಡುವೆ ಮತ್ತು ಎರಡೂ ತುದಿಯಲ್ಲಿ ಅಳೆಯಿರಿ. ಹೆಚ್ಚು ಸವೆಯುವುದು ನಡುಭಾಗವೇ. ಕಂಟ್ರೋಲರಿನಲ್ಲಿ ಸರಿದೂಗಿಸುವ ಅಂಕಿ ಹಾಕಿ ಸಡಿಲನ್ನು ಮುಚ್ಚಿರಬಹುದು, ಅದನ್ನೂ ತೆಗೆಸಿ ನೋಡಿ.

ಇ) ಅಲ್ಯೂಮಿನಿಯಂ ತುಂಡಿನ ಮೇಲೆ ಒಂದು ಚೌಕ, ಒಂದು ವೃತ್ತ ಕೊರೆಸಿ ಅಳೆಯಿರಿ. ವೃತ್ತದ ನಾಲ್ಕು ಕಡೆ ಸಣ್ಣ ಮೆಟ್ಟಿಲು ಕಂಡರೆ ಸಡಿಲು ಇದೆ.

ಈ) ಕಂಟ್ರೋಲರಿನ ಬೋರ್ಡು ಸಿಗುತ್ತದೆಯೇ? ಕೆಲವದರಲ್ಲಿ ಬ್ಯಾಟರಿ ಸತ್ತರೆ ಮಶೀನಿನ ನೆನಪೇ ಅಳಿಸಿ ಹೋಗುತ್ತದೆ. ಸೆಟ್ಟಿಂಗುಗಳ ಪ್ರತಿ ಪಡೆಯದೆ ಹಣ ಕೊಡಬೇಡಿ.

ಉ) ಬಿಲ್ಲು ಕೇಳಿ. ಮಶೀನಿನ ಮೇಲೆ ಬ್ಯಾಂಕಿನ ಸಾಲ ಇದ್ದರೆ ತೀರಿದ ಪತ್ರ ತೋರಿಸಲಿ.

4. ನಮ್ಮ ಕರಾವಳಿಯ ತೊಂದರೆ

ಇಲ್ಲಿ ಗಾಳಿಯಲ್ಲೇ ಉಪ್ಪು. ಜೂನಿನಿಂದ ನಾಲ್ಕು ತಿಂಗಳು ತೇವ. ಹೊಳೆಯುವ ಕಬ್ಬಿಣದ ಭಾಗಕ್ಕೆ ದಿನವೂ ಎಣ್ಣೆ ಹಚ್ಚಬೇಕು, ಕಂಟ್ರೋಲ್ ಪೆಟ್ಟಿಗೆಯ ಬಾಗಿಲು ಭದ್ರ ಇರಬೇಕು. ಮನೆಗೆ ಸಿಂಗಲ್ ಫೇಸ್ ಇದ್ದು ಮಶೀನು ತ್ರೀ ಫೇಸ್ ಆದರೆ ಮೊದಲು ಹೆಸ್ಕಾಂ ಕಚೇರಿಯಲ್ಲಿ ಕೇಳಿ. ಅರ್ತಿಂಗ್, ಸ್ಟೆಬಿಲೈಜರ್ ಬೇಕೇ ಬೇಕು. ಗುಡುಗು ಬಂದಾಗ ಮೇನ್ ಸ್ವಿಚ್ ತೆಗೆಯಿರಿ. ಘಟ್ಟದ ತಿರುವಿನಲ್ಲಿ ಲಾರಿ ಇಳಿಯುವಾಗ ಹೆಡ್ಡಿನ ಕೆಳಗೆ ಮರದ ದಿಮ್ಮಿ ಇಟ್ಟು, ಟೇಬಲ್ ಅಲುಗದಂತೆ ಕಟ್ಟಿರಬೇಕು.

5. ಲೆಕ್ಕ

ಒಂದು ಉದಾಹರಣೆ ನೋಡೋಣ. ಮಶೀನು ರೂ. 2,00,000. ಸಾಗಾಟ, ವೈರಿಂಗು, ಸ್ಟೆಬಿಲೈಜರ್, ವೈಸ್, ಕಟ್ಟರುಗಳು ರೂ. 60,000. ರಿಪೇರಿಗೆ ಕೈಯಲ್ಲಿ ರೂ. 40,000. ಒಟ್ಟು 3 ಲಕ್ಷ. ಇದನ್ನು 36 ತಿಂಗಳಲ್ಲಿ ತೀರಿಸಲು ಬಡ್ಡಿ ಬಿಟ್ಟು ಅಸಲೇ ತಿಂಗಳಿಗೆ ಸುಮಾರು ರೂ. 8,333. ಒಂದು ಕೆಲಸಕ್ಕೆ ಖರ್ಚು ಕಳೆದು ರೂ. 300 ಉಳಿದರೆ ತಿಂಗಳಿಗೆ 28 ಕೆಲಸ ಅಸಲಿಗೇ ಹೋಯಿತು. ಮನೆ ಖರ್ಚು ಇನ್ನೂ ಬಾಕಿ! ಅಷ್ಟು ಕೆಲಸ ಕೊಡುವವರ ಪಟ್ಟಿ ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ಸ್ವಲ್ಪ ತಡೆಯಿರಿ. ದಾಂಡೇಲಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಯಾವ ತರಬೇತಿ ಇದೆ ಎಂದು ವಿಚಾರಿಸಿ. ಕೆಲಸ ಕಲಿತವನ ಕೈಯಲ್ಲಿ ಹಳೆ ಮಶೀನೂ ದುಡಿಯುತ್ತದೆ.

ನೆನಪಿಡಿ: ತಿರುಗುವ ಕಟ್ಟರಿನ ಹತ್ತಿರ ಕೈಗವಸು ಬೇಡ, ಕಣ್ಣಿಗೆ ಕನ್ನಡಕ ಬೇಕು. ಕೆಂಪು ತುರ್ತು ಬಟನ್ ಕೆಲಸ ಮಾಡದ ಮಶೀನನ್ನು ಚಾಲೂ ಮಾಡಲೇಬೇಡಿ.

ಸಂಘದಲ್ಲಿ ಚರ್ಚಿಸಿರಿ:
1. ನಮ್ಮ ಊರಿನಿಂದ ಯಾವ ಯಾವ ಕೆಲಸ ಹುಬ್ಬಳ್ಳಿ, ಮಂಗಳೂರಿಗೆ ಹೋಗುತ್ತಿದೆ?
2. ಒಬ್ಬರೇ ಸಾಲ ಮಾಡುವ ಬದಲು ಮೂವರು ಸೇರಿ ಒಂದು ಮಶೀನು ಹಾಕಬಹುದೇ?
3. ಆರು ತಿಂಗಳು ಕೆಲಸ ಸಿಗದಿದ್ದರೆ ಕಂತು ಕಟ್ಟುವುದು ಹೇಗೆ?