ನಂದಿಗೆ ರೋಪ್‌ವೇ ಬಂದರೆ ಸಾಕೆ?

ಪ್ರಶ್ನೆ: ಭಾನುವಾರ ನಸುಕಿನಲ್ಲೇ ಹೊರಟರೂ ನಂದಿ ಬೆಟ್ಟದ ಸೂರ್ಯೋದಯ ವಾಹನಗಳ ಸಾಲಿನಲ್ಲೇ ಮುಗಿದುಹೋಗುತ್ತದೆ. ರೋಪ್‌ವೇ ಬಂದರೆ ಈ ಪಾಡು ತಪ್ಪುತ್ತದೆಯೇ?
– ಓದುಗರೊಬ್ಬರು, ಹಲಸೂರು

ಉತ್ತರ: ಪೂರ್ತಿ ತಪ್ಪದು. 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ರೋಪ್‌ವೇ ಜನರನ್ನು ಮೇಲೆ ಹತ್ತಿಸಬಹುದು, ಆದರೆ ಎಲ್ಲರೂ ಒಂದೇ ದಿನ ಒಂದೇ ಹೊತ್ತಿಗೆ ಬರುವ ರೂಢಿ ಅದರಿಂದ ಬದಲಾಗದು.

ಆ ರೂಢಿ ಹಳೆಯದೇನಲ್ಲ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನಿಮ್ಮ ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟ ಮೇಲೆ, ಟಿಪ್ಪುವಿನ ಬೇಸಿಗೆ ಅರಮನೆಯಿದ್ದ ಈ ಬೆಟ್ಟ ಆಂಗ್ಲ ಅಧಿಕಾರಿಗಳ ತಂಪುದಾಣವಾಯಿತು. ಕಮಿಷನರ್ ಮಾರ್ಕ್ ಕಬ್ಬನ್ ಮೇಲೊಂದು ಮನೆಯನ್ನೇ ಮಾಡಿಕೊಂಡಿದ್ದರು. ಗಾಂಧೀಜಿ 1927ರಲ್ಲಿ, ಮತ್ತೆ 1936ರಲ್ಲಿ ಇಲ್ಲಿ ತಂಗಿ ಆರೋಗ್ಯ ಸುಧಾರಿಸಿಕೊಂಡರು. ಅವರೆಲ್ಲ ಬಂದದ್ದು ಉಳಿಯಲಿಕ್ಕೆ. ಈಗ ನಾವು ಕತ್ತಲಲ್ಲಿ ಹತ್ತಿ, ಫೋಟೊ ತೆಗೆದು, ತಿಂಡಿಯ ಹೊತ್ತಿಗೆ ಇಳಿದುಬಿಡುತ್ತೇವೆ. ಆ ಎರಡು ಗಂಟೆಯ ಭಾರವೆಲ್ಲ ಒಂದೇ ರಸ್ತೆಯ ಮೇಲೆ.

ಆ ರಸ್ತೆ ಎಷ್ಟು ನಾಜೂಕು ಎಂಬುದನ್ನು 2021ರ ಆಗಸ್ಟ್‌ನಲ್ಲಿ ಕಂಡೆವು. ಮಳೆಗೆ ಗುಡ್ಡ ಕುಸಿದು ದಾರಿ ಕೊಚ್ಚಿಹೋಯಿತು. ಬೆಟ್ಟ ಮತ್ತೆ ತೆರೆದದ್ದು ಡಿಸೆಂಬರ್‌ನಲ್ಲಿ. ಇದು ಬರೀ ಪ್ರವಾಸಿಗರ ಮಾತಲ್ಲ. ಅರ್ಕಾವತಿ ಹುಟ್ಟುವುದು ಇಲ್ಲಿ. ಕೆ.ಆರ್. ಪುರಂ ಆಚೆ ಹೊಸಕೋಟೆಯತ್ತ ಹರಿಯುವ ದಕ್ಷಿಣ ಪಿನಾಕಿನಿಯ ಮೂಲವೂ ಇದೇ ಗಿರಿಸಾಲು. ಇಲ್ಲಿ ಇನ್ನಷ್ಟು ಬಂಡೆ ಒಡೆದು ರಸ್ತೆ ಅಗಲಿಸುವುದನ್ನು ನಾನಂತೂ ಒಪ್ಪಲಾರೆ.

ರಸ್ತೆ ಅಗಲಿಸದೆಯೂ ದಾರಿಯಿದೆ. ಊಟಿ, ಕೊಡೈಕೆನಾಲ್‌ಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಹೋಗುವವರು ಕಾರನ್ನು ಕೆಳಗಿನ ಟ್ಯಾಶ್ ಊರಿನಲ್ಲೇ ಬಿಟ್ಟು ರೈಲು ಹತ್ತುತ್ತಾರೆ. ಹಾಗೆಂದು ಅಲ್ಲಿಗೆ ಬರುವವರೇನೂ ಕಡಿಮೆಯಾಗಿಲ್ಲ. ನಮಗೂ ಯಲಹಂಕ, ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುದಾರಿಯಲ್ಲಿ ನಂದಿ ಹಾಲ್ಟ್ ನಿಲ್ದಾಣವಿದೆ. ಅಲ್ಲಿಂದ ಬೆಟ್ಟಕ್ಕೆ ರೈಲಿನ ಹೊತ್ತಿಗೆ ಸರಿಯಾಗಿ ಬಸ್ಸು ಓಡಿದರೆ, ರೋಪ್‌ವೇಗಿಂತ ಮೊದಲೇ ಅರ್ಧ ಕಷ್ಟ ಇಳಿದೀತು.

ಇನ್ನರ್ಧ ನಮ್ಮ ಕೈಯಲ್ಲಿದೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಸಾವಿರ ವರ್ಷಕ್ಕೂ ಹಳೆಯ ಭೋಗನಂದೀಶ್ವರ ದೇಗುಲ, ಅದರ ಕಲ್ಯಾಣಿ ಇವೆ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯೂ ಹತ್ತಿರದಲ್ಲೇ. ಮುಂದಿನ ಸಲ ಭಾನುವಾರ ಬಿಟ್ಟು ವಾರದ ನಡುವೆ ಬಿಡುವು ಮಾಡಿಕೊಳ್ಳಿ, ಮೊದಲು ಇವನ್ನು ನೋಡಿ, ಬೆಟ್ಟವನ್ನು ಸಂಜೆಗೆ ಇಟ್ಟುಕೊಳ್ಳಿ.