ಕಲಾಶಿಕ್ಷಣದಲ್ಲಿ ಸಮುದಾಯದ ಸಹಯೋಗ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಜನರನ್ನು, ಓದಿನ ಹಂಗಿಲ್ಲದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರಾದವರೆಂದು ಪ್ರಶಂಸಿಸಿದೆ. ಓದದವರಿಗೆ ಈ ನೈಪುಣ್ಯವು ಎಲ್ಲಿಂದ ಬಂದಿತು? ಊರಿನಿಂದಲೇ ಎಂಬುದು ಸಹಜವಾದ ಉತ್ತರ. ಕೇಳುವ ಕಿವಿ, ಹಾಡುವ ಕೊರಳು, ನೋಡುವ ಕಣ್ಣು ಇವೆಲ್ಲವೂ ಪಳಗುತ್ತಿದ್ದುದು ಹತ್ತು ಜನರ ನಡುವಿನ ಬಾಳಿನಲ್ಲಿ. ಆಧುನಿಕ ಶಾಲೆಯು ಪಠ್ಯ, ವೇಳಾಪಟ್ಟಿ, ಪರೀಕ್ಷೆಗಳೆಂಬ ಗೋಡೆಗಳನ್ನು ಕಟ್ಟಿಕೊಂಡಾಗ ಈ ಕಲಿಕೆಯು ಹೊರಗೆ ಉಳಿಯಿತು. ಕಲೆಯನ್ನು ಶಾಲೆಯ ಎಲ್ಲ ಹಂತಗಳಲ್ಲಿಯೂ ಒಂದು ವಿಷಯವಾಗಿ ಬೋಧಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತಾದರೂ, ಪರೀಕ್ಷೆ ಸಮೀಪಿಸಿದೊಡನೆ ಚಿತ್ರಕಲೆಯ ಅವಧಿಯು ಗಣಿತಕ್ಕೆ ಸಲ್ಲುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಹೊರಗುಳಿದ ಕಲೆಯನ್ನು ಮರಳಿ ಒಳಕ್ಕೆ ಕರೆತರಲು ಶಾಲೆಯೊಂದಕ್ಕೇ ಶಕ್ತಿ ಸಾಲದು. ಸಮುದಾಯದ ಕೈ ಕೂಡಬೇಕು.

ಇದಕ್ಕೆ ದಕ್ಷಿಣ ಬೆಂಗಳೂರಿನಲ್ಲಿಯೇ ಉತ್ತಮ ನಿದರ್ಶನವಿದೆ. ನಟ, ನಿರ್ದೇಶಕ ಶಂಕರ್ ನಾಗ್ ಅವರು 1990ರಲ್ಲಿ ಅಪಘಾತದಲ್ಲಿ ಅಕಾಲಮೃತ್ಯುವಿಗೀಡಾದರು. ನಗರಕ್ಕೊಂದು ಒಳ್ಳೆಯ ರಂಗಮಂದಿರ ಬೇಕೆಂಬ ಅವರ ಆಸೆಯನ್ನು ಪತ್ನಿ ಅರುಂಧತಿ ನಾಗ್ ಹಾಗೂ ಸಂಕೇತ್ ಬಳಗದವರು ಬಿಡದೆ ಹಿಡಿದು ನಡೆಸಿದರು. ಸರ್ಕಾರದ ನೆರವು, ಸಂಸ್ಥೆಗಳ ಮತ್ತು ಸಹೃದಯರ ದೇಣಿಗೆ ಒಂದುಗೂಡಿ, ಜೆ.ಪಿ. ನಗರದಲ್ಲಿ 2004ರ ಅಕ್ಟೋಬರ್ ತಿಂಗಳಿನಲ್ಲಿ ರಂಗಶಂಕರವು ಬಾಗಿಲು ತೆರೆಯಿತು. ಮಕ್ಕಳಿಗಾಗಿಯೇ ಅದು ‘ಆಹಾ!’ ಎಂಬ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ನಾಟಕ ಆರಂಭವಾದ ಮೇಲೆ ಬಂದವರಿಗೆ, ಅವರು ಯಾರೇ ಆಗಲಿ, ಅಲ್ಲಿ ಪ್ರವೇಶವಿಲ್ಲ. ಇದು ಬಿಗಿಯಾದ ನಿಯಮವೆಂದು ತೋರಬಹುದು. ಆದರೆ ಕಲೆಯ ಮುಂದೆ ಎಲ್ಲರೂ ಸಮಾನರು, ನೋಡುವುದೂ ಒಂದು ಸಾಧನೆ ಎಂಬ ಪಾಠವನ್ನು ಬಾಲಕರು ಅಲ್ಲಿ ಉಪದೇಶವಿಲ್ಲದೆಯೇ ಕಲಿಯುತ್ತಾರೆ.

ಎರಡನೆಯ ಮಾರ್ಗ ಬೇರೆ ಬಗೆಯದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು 2009ರಲ್ಲಿ ‘ಕಲಿ-ಕಲಿಸು’ ಯೋಜನೆಯನ್ನು ಕೈಗೊಂಡಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡುವ ಕಲಾವಿದರಿಗಷ್ಟೇ ಅಲ್ಲದೆ ಅಲ್ಲಿನ ಉಪಾಧ್ಯಾಯರಿಗೂ ಅದು ನೆರವು ನೀಡಿತು. ಮಕ್ಕಳು ತಮ್ಮ ಪರಿಸರದ ಹಾಡು, ಕಥೆ, ಕುಶಲವಿದ್ಯೆಗಳನ್ನು ಪಾಠದೊಡನೆ ಬೆಸೆಯುವುದೇ ಇದರ ತಿರುಳು. ರಂಗಶಂಕರವು ಮಗುವನ್ನು ಕಲೆಯ ಬಳಿಗೆ ಕರೆಯಿತು. ಈ ಯೋಜನೆಯು ಕಲೆಯನ್ನು ಮಗುವಿನ ಬಳಿಗೆ ಕಳುಹಿತು.

ಮಠಗಳಿಗೂ ಈ ಕಾರ್ಯವು ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು, 1997ರಲ್ಲಿ ‘ಶಿವಸಂಚಾರ’ವೆಂಬ ಸಂಚಾರಿ ರಂಗತಂಡವನ್ನು ಸ್ಥಾಪಿಸಿದರು. ಗ್ರಾಮವೊಂದು ರಂಗಕಲೆಯ ನೆಲೆಯಾಗಬಲ್ಲುದೆಂಬುದಕ್ಕೆ ಅದು ಸಾಕ್ಷಿ.

ಆದರೆ ಇಲ್ಲೊಂದು ಅಪಾಯವನ್ನು ಮರೆಯಬಾರದು. ಹೊರಗಿನ ಕಲಾವಿದನು ಬಂದು ಹತ್ತು ದಿನ ಕಲಿಸಿ ಹೊರಟುಹೋದರೆ, ಕಲೆಯೂ ಅವನ ಜೋಳಿಗೆಯಲ್ಲಿಯೇ ಹೊರಟುಹೋಗುತ್ತದೆ. ಶಾಲೆಯ ಉಪಾಧ್ಯಾಯರು ಅವನ ಪಕ್ಕದಲ್ಲಿ ಕುಳಿತು ಕಲಿತರೆ ಮಾತ್ರ ಅದು ಶಾಲೆಯ ಸ್ವತ್ತಾಗುತ್ತದೆ. ಸಹಯೋಗದ ಒರೆಗಲ್ಲು ಇದೇ: ನೆರವು ನಿಂತ ಮೇಲೂ ಶಾಲೆಯಲ್ಲಿ ಏನು ಉಳಿಯಿತು?

ಈ ದೃಷ್ಟಿಯಿಂದ ದಾನದ ಸ್ವರೂಪವೂ ವಿಚಾರಾರ್ಹವಾಗಿದೆ. ವಾರ್ಷಿಕೋತ್ಸವದ ಒಂದು ಸಂಜೆಯ ವೇಷಭೂಷಣಕ್ಕೆ ವ್ಯಯವಾಗುವ ಹಣವು ಆ ಸಂಜೆಯೊಡನೆ ಮುಗಿಯುತ್ತದೆ. ಅದೇ ಹಣವು ವರ್ಷವಿಡೀ ವಾರಕ್ಕೆರಡು ದಿನ ಬರುವ ಸಂಗೀತದ ಗುರುವಿನ ಸಂಭಾವನೆಯಾದರೆ ಕೊರಳುಗಳು ಬೆಳೆಯುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ಚಿತ್ರಕಾರರೂ ವಾದ್ಯಗಾರರೂ ಇದ್ದರೆ, ಅವರ ಒಂದು ಗಂಟೆಯೂ ದೇಣಿಗೆಯೇ. ಗೋಡೆಯ ಮೇಲಿನ ಶಿಲಾಫಲಕದಲ್ಲಿ ಅದು ಕಾಣದಿರಬಹುದು. ಹಾಡಲು ಅಂಜುತ್ತಿದ್ದ ಹುಡುಗನೊಬ್ಬನು ಸಭೆಯ ಮುಂದೆ ನಿಂತು ಹಾಡಿದ ದಿನ ಅದು ಎಲ್ಲರಿಗೂ ಕೇಳಿಸುತ್ತದೆ.